ಕುಟುಂಬದ ಹಳೆಯ ವ್ಯಾನು: ಅದರ ಕ್ಷೇಮ, ನಮ್ಮ ಕ್ಷೇಮ

ಉದ್ಯೋಗಾರ್ಥವಾಗಿ ತಾಯ್ನಾಡನ್ನು ಬಿಟ್ಟು ಮುಂಬಯಿ, ಠಾಣೆ, ಡೊಂಬಿವಲಿಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಬಾಳಿನಲ್ಲಿ ವ್ಯಾನಿಗೆ ಒಂದು ವಿಶಿಷ್ಟ ಸ್ಥಾನವಿದೆ. ಊರಿನಿಂದ ಬಂದ ಹಿರಿಯರನ್ನು ರೈಲು ನಿಲ್ದಾಣದಿಂದ ಕರೆತರುವುದಕ್ಕೂ, ಸಂಘದ ನಾಟಕದ ಪರದೆ, ಹಾರ್ಮೋನಿಯಂಗಳನ್ನು ಸಾಗಿಸುವುದಕ್ಕೂ, ರಜೆಯಲ್ಲಿ ಮನೆಮಂದಿಯೆಲ್ಲ ತ್ರ್ಯಂಬಕೇಶ್ವರ, ಶಿರಡಿ, ಸಪ್ತಶೃಂಗಿಗಳ ದರ್ಶನ ಮಾಡಿ ಬರುವುದಕ್ಕೂ ಅದೊಂದೇ ವಾಹನ ಸಾಕಾಗುತ್ತಿತ್ತು. 1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಿಂದ ಹೊರಬಂದು, ಮುಂದೆ ಓಮ್ನಿ ಎಂದು ಪ್ರಸಿದ್ಧವಾದ ಈ ವಾಹನದ ತಯಾರಿಕೆ 2019ರಲ್ಲಿ ನಿಂತುಹೋಯಿತು. ಆದರೂ ಅನೇಕರ ಮನೆಯಂಗಳದಲ್ಲಿ ಅದಿನ್ನೂ ನಿಂತಿದೆ. ಅದನ್ನು ದುರಸ್ತಿ ಮಾಡಿಸಿ ಇಟ್ಟುಕೊಳ್ಳುವುದೇ, ಗುಜರಿಗೆ ಕೊಡುವುದೇ ಎಂಬ ಪ್ರಶ್ನೆ ಆಗಾಗ ಏಳುತ್ತದೆ. ಆರೋಗ್ಯ ಲೇಖನಗಳ ನಡುವೆ ಮೋಟಾರಿನ ಮಾತೇಕೆ ಎಂದು ವಾಚಕರು ಕೇಳಬಹುದು. ಹಳೆಯ ವ್ಯಾನಿನ ಕೆಲವು ದೋಷಗಳು ನೇರವಾಗಿ ಒಳಗೆ ಕುಳಿತವರ ಶ್ವಾಸಕೋಶ, ರಕ್ತ, ಎಲುಬುಗಳಿಗೆ ಸಂಬಂಧಿಸಿದವು ಎಂಬುದೇ ಅದಕ್ಕೆ ಉತ್ತರ.

ನೌಕರಿಯ ನಿಮಿತ್ತ ನಾಸಿಕ ಜಿಲ್ಲೆಯ ದಿಂಡೋರಿಯಲ್ಲಿರುವ ನನಗೆ ಈ ವಿಷಯವನ್ನು ಹತ್ತಿರದಿಂದ ನೋಡುವ ಅವಕಾಶ ಒದಗಿತು. ನಾಸಿಕದಿಂದ ಉತ್ತರಕ್ಕೆ ಸುಮಾರು 25 ಕಿಲೊಮೀಟರ್ ದೂರದಲ್ಲಿ, ವಣಿಗೆ ಹೋಗುವ ದಾರಿಯಲ್ಲಿರುವ ಈ ತಾಲೂಕು ಕೇಂದ್ರ ದ್ರಾಕ್ಷಿಯ ಸೀಮೆ. ನಗರದಲ್ಲಿ ಹಳತಾದ ವ್ಯಾನುಗಳು ಇಲ್ಲಿ ತೋಟದ ಕೆಲಸಕ್ಕೂ ಮನೆಯ ಕೆಲಸಕ್ಕೂ ದುಡಿಯುತ್ತಿರುತ್ತವೆ. ಅವುಗಳ ಕೈಗುಣ ಬಲ್ಲ ಮೇಸ್ತ್ರಿಗಳೂ ಇದ್ದಾರೆ. ಪರಿಚಯದ ಕನ್ನಡ ಕುಟುಂಬವೊಂದು ತನ್ನ ಹಳೆಯ ವ್ಯಾನನ್ನು ಇಲ್ಲಿ ಬಿಚ್ಚಿಸಿ ಸರಿಪಡಿಸಿದಾಗ ಖರ್ಚಿನ ಲೆಕ್ಕ ಬರೆಯುವ ಹೊಣೆ ನನ್ನ ಪಾಲಿಗೆ ಬಂತು. ಆಗ ಕಂಡುದನ್ನೂ ಕೇಳಿ ತಿಳಿದುದನ್ನೂ ಇಲ್ಲಿ ಕ್ರಮವಾಗಿ ನಿರೂಪಿಸಿದ್ದೇನೆ.

ಮೊದಲ ಪರೀಕ್ಷೆ: ಅಸ್ಥಿಪಂಜರ

ಎಂಜಿನು ಕೆಟ್ಟಿದ್ದರೆ ಬಿಚ್ಚಿ ಕಟ್ಟಬಹುದು. ತಳ ಕೊಳೆತಿದ್ದರೆ ಉಳಿದ ಖರ್ಚೆಲ್ಲ ವ್ಯರ್ಥ. ಈ ವ್ಯಾನಿಗೆ ಲಾರಿಗಿರುವಂತೆ ಪ್ರತ್ಯೇಕವಾದ ದಪ್ಪ ಚೌಕಟ್ಟಿಲ್ಲ. ತಗಡಿನ ದೇಹವೇ ಭಾರವನ್ನು ಹೊರುತ್ತದೆ. ಆದ್ದರಿಂದ ಬಣ್ಣ ಬಳಿಸುವ ಮೊದಲು ವಾಹನವನ್ನು ಮೇಲೆತ್ತಿಸಿ, ಮುಂದಿನ ಆಸನದವರು ಕಾಲಿಡುವ ಜಾಗ, ಚಕ್ರಗಳ ಕಮಾನು, ಜಾರುಬಾಗಿಲಿನ ಕೆಳಗಿನ ಅಂಚು, ಹಿಂದಿನ ಪಟ್ಟೆ ಸ್ಪ್ರಿಂಗುಗಳನ್ನು ಬಿಗಿದಿರುವ ಸ್ಥಾನ ಇವುಗಳನ್ನು ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿ ನೋಡಬೇಕು. ತುದಿ ಒಳಹೊಕ್ಕರೆ ಅಲ್ಲಿ ಲೋಹವಿಲ್ಲ, ತುಕ್ಕಿದೆ. ಬಾಗಿಲ ಅಂಚಿನ ತುಕ್ಕನ್ನು ಕತ್ತರಿಸಿ ಹೊಸ ತಗಡು ಬೆಸೆಯಬಹುದು. ಸ್ಪ್ರಿಂಗು ಅಥವಾ ಸ್ಟೀರಿಂಗು ಕೂರುವ ಸ್ಥಾನಗಳೇ ಶಿಥಿಲವಾಗಿದ್ದರೆ ಅಂಥ ವಾಹನದ ಮೇಲೆ ಮಮಕಾರ ಸಲ್ಲದು. ಅದನ್ನು ಸರಕಾರದಲ್ಲಿ ನೋಂದಾಯಿತವಾದ ಗುಜರಿ ಕೇಂದ್ರಕ್ಕೆ ಒಪ್ಪಿಸಿ ಪ್ರಮಾಣಪತ್ರ ಪಡೆಯುವುದೇ ಸರಿಯಾದ ಮಾರ್ಗ. ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಮೇಲೆ ಥಳುಕು, ಒಳಗೆ ಹುಳುಕು ಎಂಬ ಗಾದೆಗೆ ಅದು ಉದಾಹರಣೆಯಾದೀತು.

ದ್ರಾಕ್ಷಿಯ ಸೀಮೆಯಲ್ಲಿ ತುಕ್ಕಿಗೆ ಇನ್ನೊಂದು ಕಾರಣವಿದೆ. ನಮ್ಮ ಅಡಿಕೆ ತೋಟಗಳಲ್ಲಿ ಸಿಂಪಡಿಸುವ ಮೈಲುತುತ್ತ–ಸುಣ್ಣದ ಬೋರ್ಡೋ ದ್ರಾವಣವನ್ನೇ ದ್ರಾಕ್ಷಿ ಬಳ್ಳಿಗೂ ಸಿಂಪಡಿಸುತ್ತಾರೆ. ಮೈಲುತುತ್ತದ ನೀರು ಕಬ್ಬಿಣಕ್ಕೆ ತಗುಲಿದರೆ ತಾಮ್ರ ಅದರ ಮೇಲೆ ಕೂರುತ್ತದೆ, ಕಬ್ಬಿಣ ಕರಗುತ್ತದೆ. ಅದರ ಚೀಲಗಳನ್ನು ಹೊತ್ತ ವ್ಯಾನಿನ ನೆಲಹಾಸನ್ನು ಎತ್ತಿ ನೋಡದೆ ಕೊಳ್ಳಬಾರದು. ಕರಾವಳಿಯಿಂದ ಅಥವಾ ಮಲೆನಾಡಿನಿಂದ ಹಳೆಯ ವಾಹನವನ್ನು ತರಿಸಿಕೊಳ್ಳುವವರಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ. ಬಾಗಿಲುಗಳ ತಳದಲ್ಲಿ ನೀರು ಬಸಿಯುವ ಸಣ್ಣ ರಂಧ್ರಗಳಿರುತ್ತವೆ. ಮಳೆಗಾಲಕ್ಕೆ ಮುನ್ನ ಅವುಗಳ ಮಣ್ಣನ್ನು ಕಡ್ಡಿಯಿಂದ ತೆಗೆದರೆ ತುಕ್ಕು ಬಹುಮಟ್ಟಿಗೆ ದೂರವಿರುತ್ತದೆ.

ಒಳಗಿನ ಗಾಳಿ

ಇದು ಅತ್ಯಂತ ಮಹತ್ವದ ಅಂಶ. ಈ ವ್ಯಾನಿನ 796 ಸಿ.ಸಿ.ಯ ಮೂರು ಸಿಲಿಂಡರಿನ ಎಂಜಿನು ಮುಂದಿನ ಆಸನಗಳ ಅಡಿಯಲ್ಲಿದೆ. ಎಂಜಿನಿನಿಂದ ಹೊಗೆ ಹೊರಡುವ ಕೊಳವೆಯ ಜೋಡಣೆಯಲ್ಲಿರುವ ಗ್ಯಾಸ್ಕೆಟ್ ಸುಟ್ಟು, ಆಸನದ ಕೆಳಗಿನ ಮುಚ್ಚಳದ ರಬ್ಬರು ಒಣಗಿ ಬಿರುಕು ಬಿಟ್ಟಿದ್ದರೆ ಹೊಗೆ ನೇರವಾಗಿ ಒಳಗೆ ಬರುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಅಷ್ಟರಮಟ್ಟಿಗೆ ಆಮ್ಲಜನಕಕ್ಕೆ ಎಡೆಯಿಲ್ಲದಾಗುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಮಂಪರು ಇದರ ಲಕ್ಷಣಗಳು. ಪ್ರಮಾಣ ಹೆಚ್ಚಿದರೆ ಪ್ರಾಣಕ್ಕೇ ಅಪಾಯ. ಮಕ್ಕಳು, ಗರ್ಭಿಣಿಯರು, ಹೃದ್ರೋಗವುಳ್ಳ ವೃದ್ಧರು ಇದಕ್ಕೆ ಬೇಗ ಈಡಾಗುತ್ತಾರೆ.

ಕಸಾರಾ ಘಾಟಿಯನ್ನು ಏರುವಾಗ ಮಗುವಿಗೆ ವಾಕರಿಕೆ ಬಂದರೆ ನಾವು ತಿರುವುಗಳನ್ನು ದೂರುವುದು ವಾಡಿಕೆ. ತಿರುವೇ ಕಾರಣವಾಗಿರಲೂಬಹುದು. ಆದರೆ ಒಳಗಿರುವ ಎಲ್ಲರಿಗೂ ತಲೆನೋವು ಬಂದು, ಕೆಳಗಿಳಿದು ಹೊರಗಿನ ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತಾಗ ಅದು ಶಮನವಾದರೆ ಹೊಗೆಯನ್ನೇ ಶಂಕಿಸಬೇಕು. ಎಂಜಿನು ನಿಲ್ಲಿಸಿ, ಎಲ್ಲರನ್ನೂ ಹೊರಗೆ ಕರೆತಂದು, ಮಂಪರು ಕವಿದವರನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ನಾನು ಹೇಳಿದ ಆ ಕುಟುಂಬದ ವ್ಯಾನಿನಲ್ಲಿ ಆಸನ ಎತ್ತಿದೊಡನೆ ಮೇಸ್ತ್ರಿ ತೋರಿಸಿದ್ದು ಹೊಗೆಕೊಳವೆಯ ಜೋಡಣೆಯ ಸುತ್ತ ಮೆತ್ತಿದ್ದ ಕಪ್ಪು ಮಸಿಯನ್ನು. ತಣ್ಣಗಿರುವ ಎಂಜಿನನ್ನು ಚಾಲೂ ಮಾಡಿದಾಗ ಅಲ್ಲಿಂದ ಕೇಳಿಸುವ ‘ಟಿಕ್ ಟಿಕ್’ ಸದ್ದು ಸೋರಿಕೆಯ ಇನ್ನೊಂದು ಕುರುಹು. ಹೊಸ ಗ್ಯಾಸ್ಕೆಟ್, ಮುಚ್ಚಳದ ಹೊಸ ರಬ್ಬರು, ಹಿಂಬಾಗಿಲಿನ ಹೊಸ ರಬ್ಬರು ಇವುಗಳಿಗೆ ತಗಲುವ ಖರ್ಚು ಬಣ್ಣದ ಖರ್ಚಿನ ಮುಂದೆ ಅಲ್ಪ. ಹಿಂಬಾಗಿಲನ್ನು ಅರೆ ತೆರೆದು ಸಾಮಾನು ಸಾಗಿಸುವುದು, ನಿಂತ ವಾಹನದಲ್ಲಿ ಎಂಜಿನು ಚಾಲೂ ಇಟ್ಟು ಮಕ್ಕಳನ್ನು ಮಲಗಿಸುವುದು ಎರಡೂ ಅಪಾಯಕರ. ಹೊರಬಿದ್ದ ಹೊಗೆ ಹಿಂದಿನಿಂದ ಒಳಗೆ ಸೆಳೆಯಲ್ಪಡುತ್ತದೆ.

ಬ್ರೇಕು, ಟೈರು, ತಂಪು

ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರುವ ಗುಣವುಳ್ಳದ್ದು. ಡಾಟ್ 3 ದರ್ಜೆಯ ಹೊಸ ಎಣ್ಣೆ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂದು ನಿಯಮ. ತೇವ ಹೀರಿದ ಮೇಲೆ ಆ ಮಟ್ಟ 140 ಡಿಗ್ರಿಗೆ ಇಳಿಯುತ್ತದೆ. ಘಾಟಿ ಇಳಿಯುವಾಗ ಬ್ರೇಕನ್ನು ಒತ್ತಿಹಿಡಿದರೆ ಎಣ್ಣೆ ಕುದಿದು ಆವಿಯಾಗಿ, ಪೆಡಲು ಮೆತ್ತಗಾಗಿ ಕೆಳಗಿಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಎಣ್ಣೆ ಬದಲಾಯಿಸುವುದು, ಇಳಿಜಾರಿನಲ್ಲಿ ಏರುವಾಗಿನ ಗೇರನ್ನೇ ಬಳಸುವುದು ಇದಕ್ಕೆ ಪರಿಹಾರ. ದೀರ್ಘಕಾಲ ನಿಂತಿದ್ದ ವಾಹನವಾದರೆ ಮಾಸ್ಟರ್ ಸಿಲಿಂಡರ್, ಚಕ್ರದ ಸಿಲಿಂಡರುಗಳ ರಬ್ಬರುಗಳನ್ನೂ, ಬ್ರೇಕಿನ ರಬ್ಬರು ಕೊಳವೆಗಳನ್ನೂ ಸಂಶಯಕ್ಕೆ ಎಡೆಗೊಡದೆ ಬದಲಾಯಿಸತಕ್ಕದ್ದು.

ಟೈರಿನ ಪಾರ್ಶ್ವದಲ್ಲಿ ನಾಲ್ಕಂಕಿಯ ಮುದ್ರೆ ಇರುತ್ತದೆ. ‘2318’ ಎಂದಿದ್ದರೆ ಅದು 2018ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದುದೆಂದು ಅರ್ಥ. ಕಡಿಮೆ ಓಡಿದ ವ್ಯಾನಿನ ಟೈರು ಸವೆದಿರುವುದಿಲ್ಲ, ಆದರೆ ಮುಪ್ಪಾಗಿರುತ್ತದೆ. ಪಾರ್ಶ್ವದಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ, ಆರು ವರ್ಷ ಮೀರಿದ್ದರೆ ಅದನ್ನು ನಂಬಿ ಮನೆಮಂದಿಯನ್ನು ಕೂರಿಸಬಾರದು.

ರೇಡಿಯೇಟರಿಗೆ ಬೋರ್‌ವೆಲ್ಲಿನ ಗಡಸು ನೀರನ್ನು ತುಂಬುವುದು ಹಳ್ಳಿಗಾಡಿನ ರೂಢಿ. ನೀರು ಕಾಯಿಸುವ ಪಾತ್ರೆಯ ತಳದಂತೆ ರೇಡಿಯೇಟರಿನ ಸಣ್ಣ ನಾಳಗಳೂ ಅದರಿಂದ ಕಟ್ಟಿಕೊಳ್ಳುತ್ತವೆ. ಕೂಲೆಂಟ್ ಮತ್ತು ಶುದ್ಧೀಕರಿಸಿದ ನೀರಿನ ಮಿಶ್ರಣವೇ ಯೋಗ್ಯ. ಎಂಜಿನಿನ ಟೈಮಿಂಗ್ ಬೆಲ್ಟಿನ ವಯಸ್ಸು ತಿಳಿಯದಿದ್ದರೆ ಹೊಸದನ್ನು ಹಾಕಿಸುವುದು ಉಚಿತ.

ಇಂಧನದ ಹೊಸ ಸಮಸ್ಯೆ

ಪೆಟ್ರೋಲಿಗೆ ಶೇಕಡಾ 20ರಷ್ಟು ಎಥನಾಲ್ ಬೆರೆಸುವ ಕ್ರಮ 2023ರಲ್ಲಿ ಆರಂಭವಾಗಿ 2025ರ ಹೊತ್ತಿಗೆ ದೇಶವ್ಯಾಪಿಯಾಯಿತು. ಕಬ್ಬಿನಿಂದಲೂ ಈ ಎಥನಾಲ್ ತಯಾರಾಗುವುದರಿಂದ, ಕಾದವಾ ಸಹಕಾರಿ ಸಕ್ಕರೆ ಕಾರ್ಖಾನೆಯುಳ್ಳ ದಿಂಡೋರಿ ತಾಲೂಕಿನಂಥ ಕಡೆ ಕಬ್ಬು ಬೆಳೆಗಾರರು ಇದನ್ನು ಸ್ವಾಗತಿಸುವುದು ಸಹಜ. ಆದರೆ ಕಾರ್ಬುರೇಟರ್ ಕಾಲದ ವ್ಯಾನಿನ ರಬ್ಬರು ಕೊಳವೆ, ಪಂಪಿನ ಪೊರೆ, ವಾಷರುಗಳು ಈ ಮಿಶ್ರಣಕ್ಕಾಗಿ ರೂಪಿಸಿದವಲ್ಲ. ಅವು ಉಬ್ಬಿ, ಬಿರಿದು ಸೋರಬಹುದು. ಬಿಸಿ ಎಂಜಿನಿನ ಬಳಿ ಪೆಟ್ರೋಲು ಸೋರುವುದೆಂದರೇನೆಂದು ವಿವರಿಸಬೇಕಿಲ್ಲ. ಆದ್ದರಿಂದ ಇಂಧನದ ಎಲ್ಲ ಕೊಳವೆಗಳನ್ನೂ ಎಥನಾಲ್ ತಾಳುವ ದರ್ಜೆಯವುಗಳಿಂದ ಬದಲಾಯಿಸಬೇಕು. ಎಥನಾಲ್ ತೇವವನ್ನೂ ಸೆಳೆಯುತ್ತದೆ. ತಿಂಗಳುಗಟ್ಟಲೆ ನಿಲ್ಲುವ ವಾಹನವನ್ನು ಹದಿನೈದು ದಿನಕ್ಕೊಮ್ಮೆಯಾದರೂ ಹತ್ತಾರು ಕಿಲೊಮೀಟರ್ ಓಡಿಸುವುದು ಒಳ್ಳೆಯದು.

ಗ್ಯಾಸಿನ ಕಿಟ್ ಇದ್ದರೆ ಅದು ಮಾನ್ಯತೆ ಪಡೆದದ್ದಾಗಿರಬೇಕು, ನೋಂದಣಿ ಪುಸ್ತಕದಲ್ಲಿ ನಮೂದಾಗಿರಬೇಕು. ಸಿ.ಎನ್.ಜಿ. ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಒತ್ತಡದ ಪರೀಕ್ಷೆಗೆ ಒಳಪಡಿಸುವುದು ಕಡ್ಡಾಯ. ಅಡುಗೆ ಅನಿಲದ ಸಿಲಿಂಡರಿನಿಂದ ವ್ಯಾನು ಓಡಿಸುವುದು ಕಾನೂನುಬಾಹಿರ. ಮನೆಮಂದಿಯನ್ನು ಬೆಂಕಿಯ ಮೇಲೆ ಕೂರಿಸಿದಂತೆ.

ಕಾಗದಪತ್ರಗಳು

ಖಾಸಗಿ ವಾಹನದ ನೋಂದಣಿ 15 ವರ್ಷಗಳವರೆಗೆ ಸಿಂಧುವಾಗಿರುತ್ತದೆ. ಬಳಿಕ ತಪಾಸಣೆಗೆ ಒಳಪಡಿಸಿ 5 ವರ್ಷಗಳಿಗೊಮ್ಮೆ ನವೀಕರಿಸಬೇಕು. ಕಾರು, ವ್ಯಾನುಗಳಿಗೆ ಈ ಶುಲ್ಕ 2022ರ ಏಪ್ರಿಲ್ 1ರಿಂದ 600 ರೂಪಾಯಿಗಳಿಂದ 5,000ಕ್ಕೆ ಏರಿತು. 2025ರ ಆಗಸ್ಟ್ ತಿಂಗಳ ತಿದ್ದುಪಡಿಯಲ್ಲಿ 20 ವರ್ಷ ಮೀರಿದವಕ್ಕೆ 10,000 ರೂಪಾಯಿ ನಿಗದಿಯಾಯಿತು. ಮಹಾರಾಷ್ಟ್ರದಲ್ಲಿ ಇದರ ಮೇಲೆ ಪರಿಸರ ತೆರಿಗೆಯೂ ಇದೆ.

ನಮ್ಮವರು ವಿಶೇಷವಾಗಿ ಗಮನಿಸಬೇಕಾದ ಮಾತೊಂದಿದೆ. ಊರಿನಲ್ಲಿದ್ದ ತಂದೆಯವರ ವ್ಯಾನನ್ನು ಕರ್ನಾಟಕದ ನೋಂದಣಿ ಸಂಖ್ಯೆಯೊಡನೆ ಇಲ್ಲಿಗೆ ತಂದು ವರ್ಷಾನುಗಟ್ಟಲೆ ಓಡಿಸುವವರಿದ್ದಾರೆ. 1988ರ ಮೋಟಾರು ವಾಹನ ಕಾಯಿದೆಯ 47ನೆಯ ಕಲಮಿನ ಪ್ರಕಾರ ಬೇರೆ ರಾಜ್ಯದ ವಾಹನ 12 ತಿಂಗಳಿಗಿಂತ ಹೆಚ್ಚು ಕಾಲ ಉಳಿದರೆ ಇಲ್ಲಿಯ ಹೊಸ ಸಂಖ್ಯೆಗೆ ಅರ್ಜಿ ಸಲ್ಲಿಸಬೇಕು. ಅದಕ್ಕಾಗಿ ಮೂಲ ಕಚೇರಿಯಿಂದ ನಿರಾಕ್ಷೇಪಣ ಪತ್ರ ತರಬೇಕು. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರ ಹೆಸರಿಗೆ ವರ್ಗಾವಣೆಯಾಗಬೇಕು. ಇವೆಲ್ಲ ಪೂರ್ಣವಾಗುವವರೆಗೆ ದುರಸ್ತಿಗೆ ದೊಡ್ಡ ಹಣ ತೊಡಗಿಸದಿರುವುದು ಜಾಣತನ.

ಲೆಕ್ಕದ ಮಾತು

ವ್ಯಾನಿನ ಇಂದಿನ ಬೆಲೆ 50,000 ರೂಪಾಯಿ, ಅಗತ್ಯವಾದ ದುರಸ್ತಿಗೆ 70,000 ಎಂದಿಟ್ಟುಕೊಳ್ಳೋಣ. ಬೆಲೆಗಿಂತ ದುರಸ್ತಿಯೇ ಹೆಚ್ಚಾಯಿತೆಂದು ಅನೇಕರು ಅಲ್ಲಿಗೇ ಕೈಬಿಡುತ್ತಾರೆ. ಆದರೆ ಹೋಲಿಸಬೇಕಾದುದು ವಾರ್ಷಿಕ ವೆಚ್ಚವನ್ನು. ಐದು ವರ್ಷ ಬಾಳಿ ಕೊನೆಗೆ ಏನೂ ಉಳಿಯದೆಂದು ಭಾವಿಸಿದರೆ ದುರಸ್ತಿಯ ಪಾಲು ವರ್ಷಕ್ಕೆ 14,000. ಮಾರದೆ ಉಳಿಸಿಕೊಂಡುದರ ಪಾಲು 10,000. ವಾರ್ಷಿಕ ನಿರ್ವಹಣೆ 15,000. ವಿಮೆ, ಶುಲ್ಕಗಳು 6,000. ಒಟ್ಟು 45,000 ರೂಪಾಯಿ. ಆರು ಲಕ್ಷದ ಹೊಸ ವಾಹನಕ್ಕೆ ಶೇಕಡಾ 9ರ ಬಡ್ಡಿಯೇ ಮೊದಲ ವರ್ಷ ಸುಮಾರು 54,000 ಆಗುತ್ತದೆ. ಈ ದೃಷ್ಟಿಯಲ್ಲಿ ಹಳೆಯದೇ ಲಾಭದಾಯಕ.

ಇಷ್ಟಕ್ಕೆ ಲೆಕ್ಕ ಮುಗಿಯಲಿಲ್ಲ. ವರ್ಷಕ್ಕೆ 6,000 ಕಿಲೊಮೀಟರ್ ಓಡಿದರೆ, ಪೆಟ್ರೋಲು ಬಿಟ್ಟು, ಕಿಲೊಮೀಟರಿಗೆ ಬೀಳುವುದು ಏಳೂವರೆ ರೂಪಾಯಿ. 2,000 ಮಾತ್ರ ಓಡಿದರೆ ಇಪ್ಪತ್ತೆರಡೂವರೆ ರೂಪಾಯಿ. ಹಬ್ಬಕ್ಕೊಮ್ಮೆ, ಮದುವೆಗೊಮ್ಮೆ ಹೊರತೆಗೆಯುವವರಿಗೆ ಬಾಡಿಗೆ ವಾಹನವೇ ಅಗ್ಗವಾದೀತು. ಇಟ್ಟುಕೊಳ್ಳುವುದೆಂದು ನಿಶ್ಚಯಿಸಿದವರು ಪ್ರತಿ ತಿಂಗಳೂ ಒಂದು ಸಣ್ಣ ಮೊತ್ತವನ್ನು ರಿಕರಿಂಗ್ ಠೇವಣಿಯಲ್ಲಿ ಕಟ್ಟುತ್ತ ಬಂದರೆ, ಬ್ರೇಕಿನ ಕೆಲಸವನ್ನು ಮುಂದಿನ ಸಂಬಳದವರೆಗೆ ಮುಂದೂಡುವ ಪ್ರಸಂಗ ಬಾರದು. ಖರ್ಚಿನ ಕ್ರಮದಲ್ಲಿ ಬ್ರೇಕು, ಸ್ಟೀರಿಂಗು, ಟೈರು, ಹೊಗೆಕೊಳವೆ, ಇಂಧನದ ಕೊಳವೆ, ವಯರಿಂಗು ಮೊದಲು. ಎಂಜಿನಿನ ಶಕ್ತಿ ಆಮೇಲೆ. ಬಣ್ಣ ಎಲ್ಲಕ್ಕಿಂತ ಕಡೆಗೆ.

ದುರಸ್ತಿಯ ಮಿತಿ

ಎಷ್ಟೇ ಖರ್ಚು ಮಾಡಿದರೂ ಮೂಲದಲ್ಲಿ ಇಲ್ಲದುದನ್ನು ಮೇಸ್ತ್ರಿ ಸೇರಿಸಲಾರ. ಈ ವ್ಯಾನಿನ ಮುಂಭಾಗದಲ್ಲಿ ಉದ್ದನೆಯ ಬಾನೆಟ್ ಇಲ್ಲ. ಡಿಕ್ಕಿಯ ಬಲವನ್ನು ತಾಳಬೇಕಾದ ಜಾಗದಲ್ಲಿ ಚಾಲಕನ ಮೊಣಕಾಲುಗಳಿವೆ. ಗಾಳಿಚೀಲಗಳಿಲ್ಲ. 2019ರಲ್ಲಿ ಡಿಕ್ಕಿ ಪರೀಕ್ಷೆಯ ಹೊಸ ನಿಯಮಗಳು ಬಂದಾಗ ಇದು ಹಿಂದೆ ಸರಿದದ್ದು ಈ ಕಾರಣದಿಂದಲೇ. ಆದ್ದರಿಂದ ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಪೇಟೆ, ದವಾಖಾನೆ, ಸಂಘದ ಕಚೇರಿ, ನಾಸಿಕದಿಂದ ದಿಂಡೋರಿಗೆ ಹಗಲಿನ ಪಯಣ, ಇಂಥವು ಅದರ ಕ್ಷೇತ್ರ. 2025ರ ಜೂನ್‌ನಲ್ಲಿ ಪೂರ್ಣವಾಗಿ ತೆರೆದ 701 ಕಿಲೊಮೀಟರಿನ ಮುಂಬಯಿ–ನಾಗಪುರ ಸಮೃದ್ಧಿ ಮಹಾಮಾರ್ಗದಂಥ ವೇಗದ ರಸ್ತೆಗಳು ಅದಕ್ಕೆ ಹೇಳಿಸಿದವಲ್ಲ.

ಮುಂದಿನ ಆಸನದಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸುವ ಪದ್ಧತಿಯನ್ನು ಸಂಪೂರ್ಣವಾಗಿ ಬಿಡಬೇಕು. ಹಿಂದಿನ ಆಸನಕ್ಕೆ ಪಟ್ಟಿಗಳಿಲ್ಲದಿದ್ದರೆ ಗಟ್ಟಿಯಾದ ತಳಕ್ಕೆ ಬಿಗಿದು ಹಾಕಿಸಬೇಕು. ನೋಂದಣಿಯಲ್ಲಿ ನಮೂದಾದ ಸಂಖ್ಯೆಗಿಂತ ಒಬ್ಬರನ್ನೂ ಹೆಚ್ಚು ಹತ್ತಿಸಬಾರದು. ಊರಿನಿಂದ ಬಂದ ನೆಂಟರು ಎಂಟು ಮಂದಿಯಿದ್ದರೆ ಎರಡು ಸಲ ಹೋಗಿಬರುವುದರಿಂದ ಆಗುವ ನಷ್ಟ ಅರ್ಧ ಗಂಟೆ, ಒಂದು ಲೀಟರ್ ಪೆಟ್ರೋಲು. ಜಮಾಖರ್ಚಿನ ಪುಸ್ತಕದಲ್ಲಿ ಇಷ್ಟು ಅಗ್ಗವಾದ ವಿಮೆ ಬೇರೊಂದು ಸಿಗಲಾರದು.