ದಾವಣಗೆರೆ ಎಕ್ಸ್‌ಪ್ರೆಸ್ ಆದ್ಮೇಲೆ: ಸೀಸನ್ ಕೊನೆಗೆ ನಮ್ಮ ಬೌಲರ್‌ಗಳಿಗೆ ಏನಾಗುತ್ತೆ?

ಕರ್ನಾಟಕ ಸೋತ ಹಳೇ ರಣಜಿ ಮ್ಯಾಚ್‌ಗಳ ಮಾತು ಬಂದಾಗಲೆಲ್ಲ ಕ್ಯಾಂಟೀನ್‌ನಲ್ಲಿ ಒಂದೇ ತೀರ್ಪು: "ಬ್ಯಾಟಿಂಗ್ ಕೈ ಕೊಡ್ತಲೇ." ನಾವು ಸ್ಕೋರ್‌ಕಾರ್ಡ್‌ಗಳನ್ನ ತೆಗೆದು ಕೂತ್ವಿ. ಅವು ಬೇರೆ ಕತೆ ಹೇಳ್ತಿವೆ.

2015ರ ಮಾರ್ಚ್‌ನಲ್ಲಿ ಮುಂಬೈಯ ವಾಂಖೆಡೆಯಲ್ಲಿ ತಮಿಳುನಾಡನ್ನ ಇನಿಂಗ್ಸ್ ಮತ್ತು 217 ರನ್ನಿಂದ ಸೋಲಿಸಿ ಕರ್ನಾಟಕ ಸತತ ಎರಡನೇ ಸಲ ಕಪ್ ಎತ್ತಿತು. ಅದಾದ ಮೇಲಿನ ಎಂಟು ವರ್ಷದಲ್ಲಿ ನಾಲ್ಕು ಸೆಮಿಫೈನಲ್ ಆಡಿ ನಾಲ್ಕನ್ನೂ ಸೋತಿತು. 2020ರಲ್ಲಿ ಬಂಗಾಳದ ಎದುರು ಸೋತಿದ್ದು ಬ್ಯಾಟಿಂಗ್‌ನಿಂದಲೇ, 122ಕ್ಕೆ ಆಲೌಟ್ ಆದವರು ಬೇರೆ ನೆಪ ಹೇಳೋ ಹಾಗಿಲ್ಲ. ಉಳಿದ ಮೂರನ್ನ ನೋಡಿ. 2017ರ ಡಿಸೆಂಬರ್‌ನಲ್ಲಿ ಕೋಲ್ಕತ್ತಾದಲ್ಲಿ ವಿದರ್ಭ ಮೊದಲ ಇನಿಂಗ್ಸ್‌ನಲ್ಲಿ 185ಕ್ಕೆ ಔಟ್, ಎರಡನೇದರಲ್ಲಿ 313. ನಾವು ಸೋತಿದ್ದು ಬರೀ 5 ರನ್ನಿಂದ. 2019ರ ಜನವರಿಯಲ್ಲಿ ಬೆಂಗಳೂರಲ್ಲಿ ಸೌರಾಷ್ಟ್ರಕ್ಕೆ 279 ಬೇಕಿತ್ತು, 23ಕ್ಕೆ 3 ಬಿದ್ದಿದ್ವು. ಆಮೇಲೆ ಪೂಜಾರ ಮತ್ತು ಜಾಕ್ಸನ್ ಇಬ್ಬರೂ ಸೆಂಚುರಿ ಹೊಡೆದ್ರು. ಪೂಜಾರ ಎಡ್ಜ್ ಆಗಿದ್ರೂ ಅಂಪೈರ್ ಔಟ್ ಕೊಡಲಿಲ್ಲ ಅನ್ನೋ ಸಿಟ್ಟು ನಮಗೂ ಇದೆ, ಅದನ್ನ ಪಕ್ಕಕ್ಕಿಡೋಣ. 2023ರಲ್ಲಿ ಅದೇ ಸೌರಾಷ್ಟ್ರ, ಅದೇ ಬೆಂಗಳೂರು. ಮಯಂಕ್ ಅಗರ್ವಾಲ್ 249 ಹೊಡೆದು ನಾವು 407 ಮಾಡಿದರೆ ಅವರು 527 ಮಾಡಿದ್ರು. ಪಿಚ್ ಮೆತ್ತಗಾಯ್ತು ಅನ್ನಬಹುದು. ಆದರೆ ಹತ್ತು ವಿಕೆಟ್ ಬೇಗ ಮುಗಿಸೋ ಶಕ್ತಿ ಸೀಸನ್ ಕೊನೆಗೆ ಎಲ್ಲಿ ಹೋಗುತ್ತೆ ಅನ್ನೋದು ನಮ್ಮ ಪ್ರಶ್ನೆ.

ಇದಕ್ಕೆ ನಮ್ಮೂರಿನ ಮನುಷ್ಯನಿಂದಲೇ ಶುರು ಮಾಡಬೇಕು. ಆರ್. ವಿನಯ್ ಕುಮಾರ್ 1984ರಲ್ಲಿ ದಾವಣಗೆರೆಯಲ್ಲಿ ಹುಟ್ಟಿದವರು. 'ದಾವಣಗೆರೆ ಎಕ್ಸ್‌ಪ್ರೆಸ್' ಅನ್ನೋ ಹೆಸರು ಕೇಳಿ ಭಯಂಕರ ಸ್ಪೀಡ್ ಅಂದ್ಕೋಬೇಡಿ, ಅವರದ್ದು ಮೀಡಿಯಂ ಪೇಸ್. ಹರಿಹರದಿಂದ ದಿನಾ ಬರೋ ನಮ್ಮ ಗೆಳೆಯರು ಹಿಡಿಯೋ ಪ್ಯಾಸೆಂಜರ್ ಗಾಡಿ ಥರ: ವೇಗ ಕಡಿಮೆ, ಕೈ ಕೊಡೋದು ಅಪರೂಪ. 2015ರ ಸೆಮಿಫೈನಲ್‌ನಲ್ಲಿ ಕರ್ನಾಟಕ ಬರೀ 202ಕ್ಕೆ ಔಟಾಗಿತ್ತು. ವಿನಯ್ 20 ರನ್ನಿಗೆ 6 ವಿಕೆಟ್ ತೆಗೆದು ಮುಂಬೈಯನ್ನ 44ಕ್ಕೆ ಮುಗಿಸಿದ್ರು. ಆ ನಂತರದ ಫೈನಲ್‌ನಲ್ಲಿ 5 ವಿಕೆಟ್ ಜೊತೆ ಸೆಂಚುರಿ ಬೇರೆ. ಒಟ್ಟು 504 ಫಸ್ಟ್ ಕ್ಲಾಸ್ ವಿಕೆಟ್, ಟೆಸ್ಟ್ ಮಾತ್ರ ಒಂದೇ.

ಆಗ ಅವರ ಜೊತೆ ಅಭಿಮನ್ಯು ಮಿಥುನ್, ಎಸ್. ಅರವಿಂದ್ ಇದ್ರು. ಒಬ್ಬ ಸುಸ್ತಾದ್ರೆ ಇನ್ನೊಬ್ಬ. 2017ರ ಹೊತ್ತಿಗೂ ಅದೇ ಮೂವರು, ಆದರೆ ವಿನಯ್‌ಗೆ 33 ವರ್ಷ. ಡಿಸೆಂಬರ್ 7ಕ್ಕೆ ನಾಗಪುರದಲ್ಲಿ ಶುರುವಾದ ಕ್ವಾರ್ಟರ್‌ಫೈನಲ್‌ನಲ್ಲಿ ಮುಂಬೈ ಮೇಲೆ ಹ್ಯಾಟ್ರಿಕ್, 6 ವಿಕೆಟ್. 17ಕ್ಕೆ ಕೋಲ್ಕತ್ತಾದಲ್ಲಿ ಸೆಮಿಫೈನಲ್ ಶುರು. 2018ರಲ್ಲಿ ಅರವಿಂದ್ ರಿಟೈರ್ ಆದ್ರು, 2019ರಲ್ಲಿ ವಿನಯ್ ಪುದುಚೇರಿ ಸೇರಿದ್ರು, 2021ರಲ್ಲಿ ಮಿಥುನ್ ನಿಲ್ಲಿಸಿದ್ರು. ಮೂರು ಕಂಬ ಮೂರೇ ವರ್ಷದಲ್ಲಿ ಖಾಲಿ.

ಈಗ ನಮ್ಮ ಸಬ್ಜೆಕ್ಟಿಗೆ ಬರೋಣ. ವರ್ಕ್‌ಶಾಪಿನ ಹಳೇ ಲೇತ್ ಮೇಲೆ ಕಿರ್ಲೋಸ್ಕರ್ ಅಂತ ಅಚ್ಚು ನೋಡಿದ್ದೀರಾ? ಮೈಸೂರು ಕಿರ್ಲೋಸ್ಕರ್ ಫ್ಯಾಕ್ಟರಿ ಇದ್ದಿದ್ದು ಇಲ್ಲೇ ಹರಿಹರದಲ್ಲಿ. ಆ ಲೇತ್‌ನ ಶಾಫ್ಟ್ ಒಂದೇ ಏಟಿಗೆ ಮುರಿಯಲ್ಲ. ಮುರಿಯೋ ಮಟ್ಟಕ್ಕಿಂತ ಎಷ್ಟೋ ಕಡಿಮೆ ಲೋಡ್ ಲಕ್ಷಗಟ್ಟಲೆ ಸಲ ಬಿದ್ದು ಬಿದ್ದು ಕೂದಲೆಳೆಯಷ್ಟು ಬಿರುಕು ಹುಟ್ಟುತ್ತೆ, ಅದು ಬೆಳೆಯುತ್ತೆ, ಒಂದು ದಿನ ಕಟ್. ಇದೇ ಫಟೀಗ್. ಎಸ್-ಎನ್ ಕರ್ವ್ ನೆನಪಿದೆ ಅಲ್ವಾ, ಇಂಟರ್ನಲ್ಸ್‌ಗೆ ಮಾತ್ರ ಓದಿದ್ರೂ ಸಾಕು.

ಫಾಸ್ಟ್ ಬೌಲರ್‌ನ ಸೊಂಟದ ಮೂಳೆಗೂ ಇದೇ ಆಗೋದು. ಬಾಲ್ ಬಿಡೋ ಕ್ಷಣದಲ್ಲಿ ಮುಂದಿನ ಕಾಲು ನೆಲಕ್ಕೆ ಬಡಿಯುವಾಗ ದೇಹದ ತೂಕದ 5 ಪಟ್ಟಿಗೂ ಹೆಚ್ಚು ಫೋರ್ಸ್ ಬರುತ್ತೆ. 70 ಕೆಜಿ ಹುಡುಗ ಅಂದ್ರೆ 350 ಕೆಜಿ, ಹತ್ತಿರ ಹತ್ತಿರ ಮೂರು ಸ್ಪ್ಲೆಂಡರ್ ಬೈಕ್ ಒಂದೇ ಕಾಲಿನ ಮೇಲೆ. ಅದೇ ಹೊತ್ತಿಗೆ ಬೆನ್ನು ಹಿಂದಕ್ಕೆ ಬಾಗಿ, ಪಕ್ಕಕ್ಕೆ ವಾಲಿ, ತಿರುಗ್ತಾ ಇರುತ್ತೆ. ಕೆಳಬೆನ್ನಿನ ಕಶೇರುಕದಲ್ಲಿ ಹಿಂಭಾಗವನ್ನ ಜೋಡಿಸೋ ಒಂದು ತೆಳ್ಳಗಿನ ಮೂಳೆಸೇತುವೆ ಇದೆ, ಹೊಡೆತ ತಿನ್ನೋದು ಅದು. ಬಲಗೈ ಬೌಲರ್‌ಗೆ ಸಾಮಾನ್ಯವಾಗಿ ಎಡಬದಿಯಲ್ಲಿ. ದಿನಕ್ಕೆ 20 ಓವರ್ ಅಂದ್ರೆ 120 ಸಲ.

ಸ್ಟೀಲ್‌ಗೂ ಮೂಳೆಗೂ ಒಂದು ದೊಡ್ಡ ವ್ಯತ್ಯಾಸ: ಮೂಳೆ ತನ್ನನ್ನ ತಾನೇ ರಿಪೇರಿ ಮಾಡ್ಕೊಳ್ಳುತ್ತೆ. ಆದರೆ ರಿಪೇರಿಯ ವಿಧಾನ ನಮ್ಮ ಊರಿನ ರಸ್ತೆ ಕೆಲಸದ ಹಾಗೆ, ಮೊದಲು ಅಗೆಯೋದು, ಆಮೇಲೆ ತುಂಬೋದು. ಹಾಳಾದ ಭಾಗ ಕರಗಿಸೋಕೆ ಕೆಲವು ವಾರ, ಹೊಸದು ತುಂಬೋಕೆ ತಿಂಗಳುಗಳು. ಮಧ್ಯದ ಅವಧಿಯಲ್ಲಿ ಆ ಜಾಗ ಮೊದಲಿಗಿಂತ ವೀಕ್. ಅದಕ್ಕೇ ಜಾಸ್ತಿ ಬೌಲ್ ಮಾಡಿದ ವಾರದಲ್ಲಿ ಏನೂ ಆಗದೆ, ಮೂರು ನಾಲ್ಕು ವಾರ ಬಿಟ್ಟು, ಸರಿಯಾಗಿ ನಾಕೌಟ್ ಟೈಮಿಗೆ ಬೆನ್ನು ಹಿಡಿಯೋದುಂಟು.

ಪ್ರಸಿದ್ಧ್ ಕೃಷ್ಣ 2015ರಲ್ಲಿ ಮೈಸೂರಲ್ಲಿ ಬಾಂಗ್ಲಾದೇಶ 'ಎ' ಎದುರು ಮೊದಲ ಫಸ್ಟ್ ಕ್ಲಾಸ್ ಮ್ಯಾಚ್‌ನಲ್ಲೇ 5 ವಿಕೆಟ್ ತೆಗೆದಾಗ 19 ವರ್ಷ, ಈಗ ನಮ್ಮ ವಯಸ್ಸು. ಮೂರು ಕಂಬದ ಜಾಗಕ್ಕೆ ಅವರೇ ಅಂತ ಎಲ್ಲರೂ ಅಂದ್ಕೊಂಡಿದ್ರು. 2022ರಲ್ಲಿ ಕೆಳಬೆನ್ನಿಗೆ ಸ್ಟ್ರೆಸ್ ಫ್ರಾಕ್ಚರ್ ಆಗಿ ಸುಮಾರು ಒಂದು ವರ್ಷ ಹೊರಗೆ. ಸೌರಾಷ್ಟ್ರ 527 ಹೊಡೆದ ಆ ಸೆಮಿಫೈನಲ್‌ನಲ್ಲಿ ಅವರಿರಲಿಲ್ಲ. ವಾಪಸ್ ಬಂದ್ರು, 2024ರ ಫೆಬ್ರವರಿಯಲ್ಲಿ ತೊಡೆಯ ಸ್ನಾಯುರಜ್ಜುವಿಗೆ ಆಪರೇಷನ್, ಮತ್ತೆ ಆ ವರ್ಷದ ಐಪಿಎಲ್ ಇಲ್ಲ. 2025ರಲ್ಲಿ 25 ವಿಕೆಟ್‌ಗೆ ಪರ್ಪಲ್ ಕ್ಯಾಪ್, ಆಮೇಲೆ ಭಾರತ 6 ರನ್ನಿಂದ ಗೆದ್ದ ಓವಲ್ ಟೆಸ್ಟ್‌ನಲ್ಲಿ 8 ವಿಕೆಟ್. ಖುಷಿಯ ಕತೆಯೇ, ಆದರೆ ಎರಡು ಸೀಸನ್ ಕರ್ನಾಟಕಕ್ಕೆ ಪೂರ್ತಿಯಾಗಿ ಸಿಗಲಿಲ್ಲ.

ಹಾಗಾದ್ರೆ ಓವರ್ ಕಡಿಮೆ ಮಾಡಿದ್ರೆ ಸಾಕಾ? ಸಾಕಾಗಲ್ಲ, ಮಜಾ ಇರೋದು ಇಲ್ಲೇ. ಈ ವಾರದ ಓವರ್‌ಗಳನ್ನ, ಈ ವಾರವೂ ಸೇರಿ ಕಳೆದ ನಾಲ್ಕು ವಾರದ ಸರಾಸರಿಯಿಂದ ಭಾಗಿಸಿ. ವಾರಕ್ಕೆ 30, 30, 30 ಬೌಲ್ ಮಾಡಿ ಈ ವಾರ 40 ಮಾಡಿದವನಿಗೆ ಸರಾಸರಿ 32.5, ಅನುಪಾತ 1.23. ಟಿ20 ಆಡ್ತಾ ನೆಟ್ಸ್ ಸೇರಿ 10, 10, 10 ಮಾಡಿದವನು ರಣಜಿಗೆ ಬಂದು ಅದೇ 40 ಮಾಡಿದ್ರೆ ಸರಾಸರಿ 17.5, ಅನುಪಾತ 2.29. ಒಟ್ಟು ಕಡಿಮೆ ಬೌಲ್ ಮಾಡಿದವನಿಗೇ ಅಪಾಯ ಜಾಸ್ತಿ! 1.5 ದಾಟಿದ್ರೆ ಹುಷಾರು ಅನ್ನೋದು ಟಿಮ್ ಗ್ಯಾಬೆಟ್ ಅವರ ಲೆಕ್ಕ. ಈ ಅನುಪಾತದ ಗಣಿತದ ಬಗ್ಗೆ ಸಂಶೋಧಕರಲ್ಲೇ ಜಗಳ ಇದೆ, ಆದರೂ ದಿಢೀರ್ ಏರಿಕೆ ಕೆಟ್ಟದ್ದು ಅನ್ನೋ ಮೂಲ ಮಾತು ನಮಗೆ ಸರಿ ಅನ್ಸುತ್ತೆ. ಒಟ್ಟು ಲೋಡ್ ಕೂಡ ಬಿಡಲ್ಲ: ಆಸ್ಟ್ರೇಲಿಯಾದಲ್ಲಿ 151.2 ಓವರ್ ಹಾಕಿ 32 ವಿಕೆಟ್ ತೆಗೆದ ಬುಮ್ರಾ 2025ರ ಜನವರಿಯ ಸಿಡ್ನಿ ಟೆಸ್ಟ್‌ನ ಕೊನೇ ಇನಿಂಗ್ಸ್‌ನಲ್ಲಿ ಒಂದು ಬಾಲೂ ಹಾಕೋಕಾಗಲಿಲ್ಲ.

ಈ ಎಣಿಕೆಯಲ್ಲಿ ಅಮೆರಿಕದ ಬೇಸ್‌ಬಾಲ್‌ನವರು ನಮಗಿಂತ ಮುಂದೆ. ಅಲ್ಲಿ ಬೌಲರ್ ಬದಲು ಪಿಚರ್, ಹಾಳಾಗೋದು ಬೆನ್ನಿಗಿಂತ ಮೊಣಕೈಯ ಲಿಗಮೆಂಟ್. 1974ರಲ್ಲಿ ಟಾಮಿ ಜಾನ್ ಅನ್ನೋ ಪಿಚರ್‌ಗೆ ಡಾಕ್ಟರ್ ಫ್ರಾಂಕ್ ಜೋಬ್ ಬೇರೆ ಕಡೆಯ ಸ್ನಾಯುರಜ್ಜು ತಂದು ಮೊಣಕೈಗೆ ಹೊಲಿದ್ರು, ಆತ 1989ರವರೆಗೂ ಆಡಿದ. ಆಪರೇಷನ್‌ಗೆ ಈಗಲೂ ಆತನದೇ ಹೆಸರು. ಅಲ್ಲಿ ಮ್ಯಾಚ್ ಶುರು ಮಾಡೋ ಪಿಚರ್‌ಗಳಿಗೆ ಐದಾರು ದಿನಕ್ಕೊಮ್ಮೆ ಸರದಿ. 17-18ರ ಹುಡುಗರಿಗೆ ದಿನಕ್ಕೆ 105 ಎಸೆತದ ಮಿತಿ ಅಂತ ಮಾರ್ಗಸೂಚಿ ಇದೆ. ಸೀಸನ್ ಕೊನೆಗೆ, ಸೆಪ್ಟೆಂಬರ್‌ನಲ್ಲಿ, ಟೀಮ್ ಪಟ್ಟಿಯನ್ನ 26ರಿಂದ 28ಕ್ಕೆ ಏರಿಸ್ತಾರೆ. ಸುಸ್ತಾದವರ ಜಾಗಕ್ಕೆ ಕೆಳಗಿನ ಲೀಗ್‌ನ ಹುಡುಗರು ಬರೋದು ಆಗ.

ನಮ್ಮಲ್ಲೂ ಹೊಸಬರು ಹೀಗೇ ಬಂದಿದ್ದಾರೆ, ನಿಯಮ ಇಲ್ಲದೆ. ಡಿಸ್ಕಸ್ ಎಸೀತಿದ್ದ, 17ರವರೆಗೆ ಲೆದರ್ ಬಾಲ್ ಮುಟ್ಟದ ಮಿಥುನ್ 2009ರಲ್ಲಿ ಮೊದಲ ರಣಜಿ ಮ್ಯಾಚ್‌ನಲ್ಲೇ ಹ್ಯಾಟ್ರಿಕ್ ತೆಗೆದು ಆ ಸೀಸನ್‌ಗೆ 47 ವಿಕೆಟ್ ಮಾಡಿದ್ರು. ಕೊಡಗಿನ ವಿದ್ವತ್ ಕಾವೇರಪ್ಪ 2023ರ ದುಲೀಪ್ ಟ್ರೋಫಿ ಫೈನಲ್‌ನಲ್ಲಿ 53ಕ್ಕೆ 7. ವೈಶಾಖ್ ವಿಜಯ್‌ಕುಮಾರ್ ಐಪಿಎಲ್‌ನ ಮೊದಲ ಮ್ಯಾಚ್‌ನಲ್ಲೇ 3 ವಿಕೆಟ್. ಇನ್ನೊಂದು ಮಾತು, ಇದು ನಮಗೆ ಉರಿ ಹತ್ತಿಸೋದು: 2017ರ ಸೆಮಿಫೈನಲ್‌ನಲ್ಲಿ 12 ವಿಕೆಟ್ ತೆಗೆದು ನಮ್ಮನ್ನ ಕೆಡವಿದ ವಿದರ್ಭದ ರಜನೀಶ್ ಗುರ್ಬಾನಿ ಸಿವಿಲ್ ಇಂಜಿನಿಯರ್. ಸಿವಿಲ್‌ನವರು ಇದನ್ನ ಪ್ರಿಂಟ್ ತೆಗೆದು ಅಂಟಿಸ್ಕೋಬಹುದು. ಮೆಕ್ಯಾನಿಕಲ್‌ನವರಿಗೆ ಕುಂಬ್ಳೆ ಇದ್ದಾರೆ, ಬೇಜಾರಾಗಬೇಡಿ.

ಇದೆಲ್ಲ ದೊಡ್ಡವರ ವಿಷಯ ಅಂತ ಸುಮ್ನಿರೋಕಾಗಲ್ಲ. ಇಂಟರ್ ಕಾಲೇಜ್ ಟೂರ್ನಮೆಂಟ್‌ನಲ್ಲಿ ಸೆಮಿಸ್ಟರ್ ಪೂರ್ತಿ ಬಾಲ್ ಮುಟ್ಟದವರು ನಾಲ್ಕು ದಿನದಲ್ಲಿ ಮೂರು ಮ್ಯಾಚ್ ಬೌಲ್ ಮಾಡ್ತಾರೆ, ಮ್ಯಾಟ್ ಮೇಲೆ, ಅದರ ಕೆಳಗೆ ಕಾಂಕ್ರೀಟ್. ಮೇಲಿನ ಅನುಪಾತ ಹಾಕಿ ನೋಡಿ, ನೇರ 4. ಹರಿಹರದಿಂದ ಬರೋ ನಮ್ಮ ಕ್ಲಾಸಿನ ಒಬ್ಬ ಗೆಳೆಯ ಇದೇ ಥರ ಆಡಿ, ಸೊಂಟದ ಒಂದೇ ಬದಿ ನೋವು ಅಂತ ಎರಡು ತಿಂಗಳು ಸ್ಪ್ರೇ ಹೊಡ್ಕೊಂಡು ತಿರುಗಿದ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಶುರುವಿನ ಸ್ಟ್ರೆಸ್ ಫ್ರಾಕ್ಚರ್ ಎಕ್ಸ್‌ರೇಗೆ ಸಿಗದೇ ಇರೋದು ಮಾಮೂಲಿ. ಎಂಆರ್‌ಐನಲ್ಲಿ ಸಿಕ್ತು. ಒಂಟಿ ಕಾಲಲ್ಲಿ ನಿಂತು ಹಿಂದಕ್ಕೆ ಬಾಗಿದಾಗ ಒಂದೇ ಕಡೆ ಚುಚ್ಚಿದ್ರೆ ಸ್ಪ್ರೇ ಬಿಟ್ಟು ಮೂಳೆ ಡಾಕ್ಟರ್ ಹತ್ರ ಹೋಗಿ, ಮ್ಯಾಚ್ ಇದ್ರೂ ಹೋಗಿ.

ಅವನ ನಂತರ ನಮ್ಮ ಟೀಮ್ ಒಂದು ಎಕ್ಸೆಲ್ ಶೀಟ್ ಇಟ್ಟಿದೆ: ಹೆಸರು, ತಾರೀಖು, ಹಾಕಿದ ಬಾಲ್, ನೆಟ್ಸ್ ಸೇರಿ. ಟೂರ್ನಮೆಂಟ್‌ಗೆ ಆರು ವಾರ ಮುಂಚೆಯೇ ಶುರು ಮಾಡಿ ವಾರವಾರ ಸ್ವಲ್ಪ ಸ್ವಲ್ಪ ಏರಿಸೋದು. ಮೂರು ಬೌಲರ್ ಸಾಕು ಅಂತಿದ್ದ ಕ್ಯಾಪ್ಟನ್ ಈಗ ಐವರನ್ನ ಹುಡುಕ್ತಿದ್ದಾನೆ, ಫಸ್ಟ್ ಇಯರ್‌ನವರು ಯಾರಾದ್ರೂ ಟೆನ್ನಿಸ್ ಬಾಲ್‌ನಲ್ಲಿ ಜೋರಾಗಿ ಹಾಕ್ತೀರಾದ್ರೆ ಸಂಜೆ ಐದಕ್ಕೆ ಗ್ರೌಂಡಿಗೆ ಬನ್ನಿ. ಗೆಳೆಯನ ಸಾಲಿನಲ್ಲಿ ಐದು ತಿಂಗಳು ಸೊನ್ನೆ ಇತ್ತು. ಹೋದ ವಾರ 12 ಬಾಲ್.