ಮನೆ ಅಲ್ಲೇ, ಶಾಲೆ ಬೇರೆ: ಮ್ಯಾಪಿನ ಒಂದು ಗೆರೆ ಮತ್ತು ಏಳನೇ ಕ್ಲಾಸಿನ ಹುಡುಗಿ

ಇವತ್ತಿನ ಸಂಚಿಕೆ ಶುರುವಾಗೋದು ನನ್ನ ಅಕ್ಕ ಕಳಿಸಿದ ಒಂದು ಸ್ಕ್ರೀನ್‌ಶಾಟ್‌ನಿಂದ.

ಅಕ್ಕ, ಭಾವ ಅಮೆರಿಕದಲ್ಲಿ ಒಂದು ದೊಡ್ಡ ನಗರದ ಹೊರವಲಯದಲ್ಲಿದ್ದಾರೆ. ಊರಿನ ಹೆಸರು ಬೇಡ ಅಂದಿದ್ದಾಳೆ, ಹಾಗಾಗಿ ಹೇಳಲ್ಲ. ಒಂದು ರಾತ್ರಿ ಹನ್ನೊಂದು ಗಂಟೆಗೆ ವಾಟ್ಸಾಪ್‌ನಲ್ಲಿ ಒಂದು ಮ್ಯಾಪ್ ಬಂತು, ಅದರ ಮೇಲೆ ದಪ್ಪ ನೀಲಿ ಗೆರೆ. ಕೆಳಗೆ, "ನೋಡೇ, ನಮ್ಮ ಮನೆ ಗೆರೆಯಿಂದ ಆಚೆ ಹೋಗಿದೆ." ನಾನು ಬೆಂಗಳೂರಲ್ಲಿ ಬೆಳೆದವಳು. ಒತ್ತುವರಿ ಕೇಸೋ, ಸರ್ವೆ ನಂಬರ್ ಗಲಾಟೆನೋ ಅಂದ್ಕೊಂಡು ಗಾಬರಿಯಿಂದ ಫೋನ್ ಮಾಡಿದೆ. ಅದಲ್ಲ. ಅದು ಶಾಲೆಯ ಗಡಿ.

ನಮ್ಮಲ್ಲಿ ಈ ಕಲ್ಪನೆ ಅಷ್ಟಾಗಿ ಇಲ್ಲ, ಹಾಗಾಗಿ ಸ್ವಲ್ಪ ವಿವರಿಸ್ತೀನಿ. ಕೇಂದ್ರದ ಆರ್‌ಟಿಇ ನಿಯಮಗಳ ಪ್ರಕಾರ 1ರಿಂದ 5ನೇ ತರಗತಿ ಮಕ್ಕಳಿಗೆ 1 ಕಿಲೋಮೀಟರ್ ಒಳಗೆ, 6ರಿಂದ 8ರವರಿಗೆ 3 ಕಿಲೋಮೀಟರ್ ಒಳಗೆ ಶಾಲೆ ಇರಬೇಕು. ಆದರೆ ಅದು ಸರ್ಕಾರದ ಹೊಣೆಯ ಲೆಕ್ಕ. ಜಯನಗರದ ಮಗು ಬಸವನಗುಡಿ ಶಾಲೆಗೆ ಹೋದ್ರೆ ಯಾರೂ ತಡೆಯಲ್ಲ. ಅಮೆರಿಕದ ಬಹುತೇಕ ಸರ್ಕಾರಿ ಶಾಲೆಗಳಲ್ಲಿ ಹಾಗಲ್ಲ. ಮನೆ ವಿಳಾಸವೇ ಶಾಲೆಯನ್ನು ನಿರ್ಧರಿಸುತ್ತೆ. ಪ್ರತಿ ಶಾಲೆಗೂ ಮ್ಯಾಪಿನಲ್ಲಿ ಒಂದು ಗಡಿ ಇರುತ್ತೆ. ಗೆರೆ ಒಳಗಿದ್ರೆ ಆ ಶಾಲೆ ನಿಮ್ಮದು, ರಸ್ತೆ ಆಚೆ ಬದಿ ಇದ್ರೆ ಬೇರೆಯವರದು. ನಮ್ಮ ಕನ್ನಡದ ಸಂಸಾರಗಳು ಅಲ್ಲಿ ಬಾಡಿಗೆ ಮನೆ ಹುಡುಕುವಾಗಲೂ ಅಡುಗೆಮನೆ ನೋಡೋ ಮೊದಲು ಶಾಲೆ ಯಾವುದು ಅಂತ ಕೇಳೋದು ಅದಕ್ಕೇ.

ಈ ಗೆರೆ ಯಾಕೆ ಸರಿಯುತ್ತೆ? ಒಂದು ಕಡೆ ಹೊಸ ಮನೆಗಳು ಎದ್ದು ಶಾಲೆ ತುಂಬಿ ತುಳುಕುತ್ತೆ, ಇನ್ನೊಂದು ಕಡೆ ಮಕ್ಕಳು ಕಡಿಮೆಯಾಗಿ ಕೊಠಡಿಗಳು ಖಾಲಿ. ಹೊಸ ಶಾಲೆ ಕಟ್ಟಿದಾಗ, ಹಳೇದನ್ನು ಮುಚ್ಚಿದಾಗ ಕೂಡ ಗೆರೆ ಸರಿಯಲೇಬೇಕು. ನಿರ್ಧಾರ ಮಾಡೋದು ಸ್ಥಳೀಯ ಶಾಲಾ ಮಂಡಳಿ. ಹೆಚ್ಚಿನ ಕಡೆ ಅದು ಚುನಾಯಿತ ಮಂಡಳಿ. ಅದರ ಮುಂದೆ ಸಾರ್ವಜನಿಕ ಅಹವಾಲು ನಡೆಯುತ್ತೆ, ಒಬ್ಬೊಬ್ಬರಿಗೆ ಕೆಲವೇ ನಿಮಿಷ ಮೈಕು.

ಇದು ಎಷ್ಟು ಬಿಸಿಯಾಗಬಹುದು ಅನ್ನೋದಕ್ಕೆ ಒಂದು ನಿಜವಾದ ಉದಾಹರಣೆ ಮೇರಿಲ್ಯಾಂಡ್ ರಾಜ್ಯದ ಹೊವರ್ಡ್ ಕೌಂಟಿ. ವಾಷಿಂಗ್ಟನ್ ಮತ್ತು ಬಾಲ್ಟಿಮೋರ್ ನಡುವಿನ ಅನುಕೂಲಸ್ಥರ ಪ್ರದೇಶ. ಅಲ್ಲಿನ ಕೊಲಂಬಿಯಾ ಪಟ್ಟಣವನ್ನು 1967ರಲ್ಲಿ ಜೇಮ್ಸ್ ರೌಸ್ ಅನ್ನೋ ಬಿಲ್ಡರ್ ಕಟ್ಟಿದ್ದೇ ಕರಿಯರು, ಬಿಳಿಯರು, ಬಡವರು, ಉಳ್ಳವರು ಒಟ್ಟಿಗೆ ಇರಲಿ ಅಂತ. ಅದೇ ಊರಿರೋ ಕೌಂಟಿಯಲ್ಲಿ 2019ರಲ್ಲಿ, ಸುಮಾರು 58,000 ಮಕ್ಕಳ ಪೈಕಿ 7,000ಕ್ಕೂ ಹೆಚ್ಚು ಮಕ್ಕಳ ಶಾಲೆ ಬದಲಿಸೋ ಪ್ರಸ್ತಾವ ಬಂತು. ಕಾರಣ ಎರಡು: ಕೆಲವು ಶಾಲೆಗಳಲ್ಲಿ ಕಿಕ್ಕಿರಿದ ಸಂಖ್ಯೆ, ಮತ್ತು ಬಡ ಮಕ್ಕಳೆಲ್ಲ ಕೆಲವೇ ಶಾಲೆಗಳಲ್ಲಿ ಸೇರಿಹೋಗಿದ್ದು. ಮಗುವಿನ ಜನಾಂಗ ನೋಡಿ ಶಾಲೆ ಹಂಚೋದಕ್ಕೆ ಅಮೆರಿಕದ ಸುಪ್ರೀಂ ಕೋರ್ಟ್ 2007ರಲ್ಲೇ ತಡೆ ಹಾಕಿತ್ತು. ಹಾಗಾಗಿ ಇಲ್ಲಿ ನೋಡಿದ್ದು ಕುಟುಂಬದ ಆದಾಯ, ಅಂದ್ರೆ ಉಚಿತ ಅಥವಾ ರಿಯಾಯಿತಿ ಊಟಕ್ಕೆ ಅರ್ಹರಾದ ಮಕ್ಕಳ ಸಂಖ್ಯೆ.

ರಸ್ತೆ ತುಂಬಾ ಪ್ರತಿಭಟನೆ, ರಾಶಿ ರಾಶಿ ಪತ್ರ. ಏಷ್ಯಾ ಮೂಲದ ಪೋಷಕರ ಧ್ವನಿಯೂ ಜೋರಾಗಿತ್ತು. ಅಲ್ಲಿನ ಯೋಜನೆಯಲ್ಲಿ ಬಡಾವಣೆಗಳನ್ನು ಪಾಲಿಗನ್ ಅನ್ನೋ ತುಂಡುಗಳಾಗಿ ಕತ್ತರಿಸಿರ್ತಾರೆ, ಒಂದೊಂದಕ್ಕೂ ನಂಬರ್. ನಿಮ್ಮ ಬೀದಿ ಒಂದು ನಂಬರ್ ಅಷ್ಟೇ. ಕೊನೆಗೆ 2019ರ ನವೆಂಬರ್‌ನಲ್ಲಿ ಮಂಡಳಿ ಸುಮಾರು 5,400 ಮಕ್ಕಳನ್ನು ಸ್ಥಳಾಂತರಿಸೋ ತೀರ್ಮಾನ ಮಾಡಿತು. ಜಾರಿಗೆ ಬರೋ ಹೊತ್ತಿಗೆ 2020 ಬಂದಿತ್ತು. ಕೋವಿಡ್. ಹೊಸ ಶಾಲೆಗೆ ಹೋಗಬೇಕಿದ್ದ ಮಕ್ಕಳು ಹೊಸ ಸಹಪಾಠಿಗಳನ್ನು ಮೊದಲು ನೋಡಿದ್ದು ಲ್ಯಾಪ್‌ಟಾಪ್ ಪರದೆ ಮೇಲೆ.

ಅಲ್ಲಿನ ಗಲಾಟೆ ಬಹುಪಾಲು ಹೈಸ್ಕೂಲುಗಳ ಹೆಸರಿನ ಸುತ್ತ ಇತ್ತು. ಅದು ಸಹಜ. ಹೈಸ್ಕೂಲ್ ಹೆಸರು ಅಂದ್ರೆ ಮನೆ ಬೆಲೆ. ಅರ್ಥಶಾಸ್ತ್ರಜ್ಞೆ ಸಾಂಡ್ರಾ ಬ್ಲ್ಯಾಕ್ 1999ರ ಅಧ್ಯಯನವೊಂದರಲ್ಲಿ ಬಾಸ್ಟನ್ ಸುತ್ತಲಿನ ಊರುಗಳಲ್ಲಿ ಶಾಲಾ ಗಡಿಯ ಈಚೆ ಆಚೆ ಇರೋ ಮನೆಗಳನ್ನೇ ಹೋಲಿಸಿದ್ರು. ಅಕ್ಕಪಕ್ಕದ ಒಂದೇ ತರದ ಮನೆಗಳು, ಶಾಲೆ ಮಾತ್ರ ಬೇರೆ. ಪರೀಕ್ಷೆಯ ಅಂಕ 5% ಹೆಚ್ಚಿದ್ರೆ ಜನ ಮನೆಗೆ ಸುಮಾರು 2.5% ಹೆಚ್ಚು ಕೊಡೋಕೆ ತಯಾರಿದ್ರು ಅಂತ ಗೊತ್ತಾಯ್ತು. ನನ್ನ ಭಾವನೂ ಮೊದಲು ಕೇಳಿದ್ದು ಅದೇ, "ಮನೆ ರೇಟ್ ಎಷ್ಟು ಬೀಳುತ್ತೆ?"

ಮಗಳು ಕೇಳಿದ್ದು ಬೇರೆ. ಅವಳಿಗೆ ಆಗ ಹನ್ನೆರಡು, ಏಳನೇ ಕ್ಲಾಸು. ನನ್ನ ಹತ್ರ ವಿಡಿಯೋ ಕಾಲ್‌ನಲ್ಲಿ, "ಚಿಕ್ಕಮ್ಮ, ಬಸ್ಸಲ್ಲಿ ನಾನು ಯಾರ ಪಕ್ಕ ಕೂರಲಿ?" ಅಂದಳು.

ಈ ಪ್ರಶ್ನೆಯಲ್ಲೇ ಇಡೀ ವಿಷಯ ಇದೆ ಅನ್ನಿಸ್ತು ನನಗೆ. ಲೆಕ್ಕ ಹಾಕಿ ನೋಡಿ. ಅಮೆರಿಕದ ಮಿಡಲ್ ಸ್ಕೂಲ್ ಬಹಳ ಕಡೆ 6ರಿಂದ 8ರವರೆಗೆ, ಬರೀ ಮೂರು ವರ್ಷ. ಮೊದಲನೇ ವರ್ಷ ಲಾಕರ್ ತೆಗೆಯೋದು, ಪಿರಿಯಡ್‌ಗೊಂದು ಕೊಠಡಿ ಹುಡುಕೋದು ಕಲಿಯೋದ್ರಲ್ಲೇ ಹೋಗುತ್ತೆ. ಎರಡನೇ ವರ್ಷ ಒಂದು ಗುಂಪು ಸಿಗುತ್ತೆ. ಅಷ್ಟೊತ್ತಿಗೆ ಗೆರೆ ಸರಿದ್ರೆ ಕೊನೇ ವರ್ಷ ಬೇರೆ ಶಾಲೆ, ಅದರ ಮರುವರ್ಷ ಹೈಸ್ಕೂಲು. ಮೂರು ವರ್ಷದಲ್ಲಿ ಮೂರು ಕಟ್ಟಡ. ಒಂದನೇ ಕ್ಲಾಸಿನ ಮಗುವಿಗೆ ಹೊಸ ಶಾಲೆಗೆ ಹೊಂದಿಕೊಳ್ಳೋಕೆ ವರ್ಷಗಳೇ ಇರುತ್ವೆ. ಇವಳಿಗೆ ಹತ್ತೇ ತಿಂಗಳು. ಅದೂ ಗೆಳತಿಯರೇ ಪ್ರಪಂಚ ಆಗಿರೋ ವಯಸ್ಸಲ್ಲಿ.

ಅದರ ಜೊತೆಗೆ ನಮಗೆ ತಕ್ಷಣ ಹೊಳೆಯದ ಸಂಗತಿಗಳೂ ಇರುತ್ವೆ. ಗಣಿತದಲ್ಲಿ ಅಲ್ಲಿ ಒಂದೇ ಕ್ಲಾಸಿಗೆ ಬೇರೆ ಬೇರೆ ಹಂತ ಇರ್ತವೆ. ಹೊಸ ಶಾಲೆಯಲ್ಲಿ ಅದೇ ಹಂತ ಇದೆಯಾ, ಇದ್ರೂ ಟೈಮ್‌ಟೇಬಲ್‌ನಲ್ಲಿ ಕೂರುತ್ತಾ? ಅಕ್ಕನ ಮಗಳು ಆರ್ಕೆಸ್ಟ್ರಾದಲ್ಲಿ ವಯೋಲಾ ನುಡಿಸ್ತಾಳೆ. ಹೊಸ ಮೇಷ್ಟ್ರು, ಮತ್ತೆ ಆಡಿಷನ್ನು. ಇನ್ನು ಅವಳ ಪ್ರಾಣಸ್ನೇಹಿತೆ ಮನೆ ಎದುರಿನ ರಸ್ತೆಯ ಆಚೆ ಬದಿ. ಗೆರೆ ಹೋಗಿದ್ದು ಅದೇ ರಸ್ತೆ ಮಧ್ಯೆ.

ಹೀಗಾಗೋದು ಯೋಜನೆ ಮಾಡೋರಿಗೂ ಗೊತ್ತು. ಒಂದು ಶಾಲೆಯಿಂದ ಮುಂದಿನ ಶಾಲೆಗೆ ಹೋಗೋ ಮಕ್ಕಳ ಸಾಲಿಗೆ ಅಲ್ಲಿ ಫೀಡ್ ಅಂತಾರೆ. ಹೊವರ್ಡ್ ಕೌಂಟಿಯ ನೀತಿಯಲ್ಲಿ, ಹೊಸ ಶಾಲೆಯಲ್ಲಿ 15%ಗಿಂತ ಕಡಿಮೆ ಆಗೋ ಸಣ್ಣ ಗುಂಪನ್ನು ಒಂಟಿಯಾಗಿ ಕಳಿಸೋದನ್ನು ಆದಷ್ಟು ತಪ್ಪಿಸಬೇಕು ಅಂತಿದೆ. ಒಳ್ಳೇ ಮಾತು. ಆದರೆ ಅದೇ ನೀತಿಯಲ್ಲಿ ಶಾಲೆಗಳು ತಮ್ಮ ಸಾಮರ್ಥ್ಯದ 90ರಿಂದ 110% ಒಳಗೆ ಇರಬೇಕು ಅಂತಲೂ ಇದೆ. ಎರಡೂ ಜಗಳಕ್ಕೆ ಬಿದ್ದಾಗ ಸಾಮಾನ್ಯವಾಗಿ ಗೆಲ್ಲೋದು ಕುರ್ಚಿ ಲೆಕ್ಕ ಅನ್ನೋದು ನನ್ನ ಅನುಮಾನ.

ನನ್ನನ್ನ ತಪ್ಪು ತಿಳೀಬೇಡಿ, ಗೆರೆ ಬದಲಿಸೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ಅಹವಾಲು ಸಭೆಗೆ ಬಂದು ಮೈಕು ಹಿಡಿಯೋದು ಸಾಯಂಕಾಲ ಬಿಡುವಿರೋ, ಇಂಗ್ಲಿಷ್ ಸಲೀಸಾಗಿ ಬರೋ ಮನೆಯವರು. ಶಿಫ್ಟ್ ಕೆಲಸದ ಅಪ್ಪ ಅಮ್ಮ ಬರಲ್ಲ. ಅವರ ಮಕ್ಕಳು ವರ್ಷಗಟ್ಟಲೆ ಅಂಗಳದಲ್ಲಿ ನಿಲ್ಲಿಸಿದ ತಾತ್ಕಾಲಿಕ ಕೊಠಡಿಗಳಲ್ಲಿ ಓದ್ತಿದ್ರೂ ಗಲಾಟೆ ಆಗಲ್ಲ. ಇದನ್ನೇ ಅಕ್ಕನಿಗೆ ಹೇಳಿದೆ. "ನಿನಗೇನು ಹೇಳೋಕೆ, ನಿನಗೆ ಮಕ್ಕಳಿಲ್ಲ ಕಣೇ" ಅಂತ ಫೋನ್ ಇಟ್ಟಳು. ಎರಡು ದಿನ ಮಾತಿಲ್ಲ.

ಆಮೇಲೆ ಅವಳೇ ಫೋನ್ ಮಾಡಿದಳು. ಸಭೆಯಲ್ಲಿ ಮಾತಾಡಬೇಕು, ಎರಡೇ ನಿಮಿಷ, ಏನು ಹೇಳಲಿ ಅಂತ. ಮನೆ ರೇಟು, ಶಾಲೆ ರೇಟಿಂಗು ಎರಡನ್ನೂ ಬಿಟ್ಟುಬಿಡೋಣ ಅಂತ ಕೂತು ಬರೆದ್ವಿ. ಇಂಥ ಊರಲ್ಲಿರೋ ಕೇಳುಗರಿದ್ರೆ ನಿಮಗೂ ಉಪಯೋಗಕ್ಕೆ ಬರಬಹುದು. ನಮ್ಮ ಪ್ರಶ್ನೆಗಳು ಇಷ್ಟೇ: ಈಗ ಏಳರಲ್ಲಿರೋ ಮಕ್ಕಳು ಎಂಟನ್ನ ಹಳೇ ಶಾಲೆಯಲ್ಲೇ ಮುಗಿಸಬಹುದಾ? ಮುಗಿಸಬಹುದು ಅಂದ್ರೆ ಬಸ್ ಬರುತ್ತಾ? ನಮ್ಮ ಬೀದಿಯಿಂದ ಹೊಸ ಶಾಲೆಗೆ ಒಟ್ಟು ಎಷ್ಟು ಮಕ್ಕಳು ಹೋಗ್ತಾರೆ? ಈ ಮಕ್ಕಳಿಗೆ ಹೈಸ್ಕೂಲ್‌ನಲ್ಲಿ ಮತ್ತೆ ಗೆರೆ ಬದಲಾಗುತ್ತಾ?

ಎರಡನೇ ಪ್ರಶ್ನೆ ಮರೀಬೇಡಿ. ಕೊನೇ ವರ್ಷದ ಮಕ್ಕಳಿಗೆ ವಿನಾಯಿತಿ ಕೊಡೋ ಎಷ್ಟೋ ಕಡೆ ಬಸ್ಸು ಕೊಡಲ್ಲ. ಕಾರಿದ್ದು, ಬೆಳಿಗ್ಗೆ ಬಿಡುವಿರೋ ಮನೆಗೆ ಮಾತ್ರ ಆ ವಿನಾಯಿತಿ ನಿಜವಾದ ವಿನಾಯಿತಿ.

ಅಕ್ಕನ ಊರಲ್ಲೂ ಹಾಗೇ ಆಯ್ತು. ಎಂಟನೇ ಕ್ಲಾಸಿನವರು ಇರಬಹುದು, ಬಸ್ ಇಲ್ಲ. ಮಗಳು ಹಳೇ ಶಾಲೆಯಲ್ಲೇ ಉಳಿದಳು, ಗೆಳತಿ ಪಕ್ಕ, ವಯೋಲಾ ಸಮೇತ. ಆದರೆ ಅವಳ ತಮ್ಮ ಆರನೇ ಕ್ಲಾಸಿಗೆ ಹೊಸ ಶಾಲೆಗೆ ಸೇರಿದ. ಮಿಡಲ್ ಸ್ಕೂಲ್ ವಯಸ್ಸಿನ ಇಬ್ಬರು ಮಕ್ಕಳು, ಎರಡು ಶಾಲೆ, ಎರಡು ಬೆಲ್ಲು. ಭಾವ ಬೆಳಗಿನ ಮೀಟಿಂಗನ್ನು ಕಾರಿನಲ್ಲೇ ಮ್ಯೂಟ್ ಮಾಡ್ಕೊಂಡು ಕೇಳ್ತಾರೆ, ಮಗಳನ್ನು ಇಳಿಸಿ. ಮನೆ ರೇಟು ಏನಾಯ್ತು ಅಂತ ಮೊನ್ನೆ ಕೇಳಿದೆ. "ಅಯ್ಯೋ, ನೋಡೋಕೆ ಟೈಮೇ ಸಿಕ್ಕಿಲ್ಲ ಕಣಮ್ಮ" ಅಂದ್ರು.