ಮಗುವಿಗೆ ಏನು ಬಂತು?

ಬದ್ರ್ ಯುದ್ಧದಲ್ಲಿ ಸೆರೆಸಿಕ್ಕವರಲ್ಲಿ ಕೆಲವರಿಗೆ ಪರಿಹಾರಧನ ಕೊಡಲು ಗತಿಯಿರಲಿಲ್ಲ, ಆದರೆ ಓದುಬರಹ ಬರುತ್ತಿತ್ತು. ಅಂಥವರಿಗೆ ಪ್ರವಾದಿ(ಸ)ರು ಮದೀನಾದ ತಲಾ ಹತ್ತು ಮಕ್ಕಳಿಗೆ ಅಕ್ಷರ ಕಲಿಸುವ ಹೊಣೆ ಕೊಟ್ಟರೆಂದು ಚರಿತ್ರೆಕಾರ ಇಬ್ನ್ ಸಅದ್ ದಾಖಲಿಸಿದ್ದಾರೆ. ಪಾಠ ಮುಗಿದಾಗ ಅಲ್ಲ, ಮಕ್ಕಳಿಗೆ ಚೆನ್ನಾಗಿ ಬಂದಾಗಲೇ ಬಿಡುಗಡೆ.

ಈ ಅಳತೆಗೋಲನ್ನು ನಾವಿಂದು ಮರೆತಿದ್ದೇವೆ. ಮಗುವಿಗೆ ಬರಲಿ, ಬಿಡಲಿ, ಪಾಠ ಮುಂದಕ್ಕೆ ಓಡುತ್ತದೆ. ಮೂರನೇ ತರಗತಿಯಲ್ಲಿ ಓದಲು ಬಾರದ ಹುಡುಗ ಎಂಟನೇ ತರಗತಿಯಲ್ಲಿ ಮೂಕನಂತೆ ಕೂರುತ್ತಾನೆ; ಒಂದು ದಿನ ಗ್ಯಾರೇಜಿನ ದಾರಿ ಹಿಡಿಯುತ್ತಾನೆ. ‘ಅವನ ತಲೆಗೆ ಹತ್ತಲಿಲ್ಲ’ ಎಂದು ನಾವು ಕೈತೊಳೆದುಕೊಳ್ಳುತ್ತೇವೆ.

1995ರಲ್ಲಿ ಹೆಗ್ಗಡದೇವನಕೋಟೆಯ ಸರಕಾರಿ ಶಾಲೆಗಳಲ್ಲಿ ಆರಂಭವಾದ ‘ನಲಿ-ಕಲಿ’ ಬೇರೆ ದಾರಿ ತೋರಿತು. ಅಲ್ಲಿ ಮಗು ಕಲಿಕೆಯ ಮೆಟ್ಟಿಲನ್ನು ತನ್ನದೇ ವೇಗದಲ್ಲಿ ಏರುತ್ತದೆ. ಒಂದು ಮೆಟ್ಟಿಲು ದಕ್ಕಿದ ಮೇಲೆ ಮುಂದಿನದು. ಹಾಡು, ಕಾರ್ಡು ಕಂಡು ‘ಇದೇನು ಬರೀ ಆಟ’ ಎಂದವರು ನಮ್ಮಲ್ಲೂ ಇದ್ದಾರೆ.

ಮೊಬೈಲೇ ಉತ್ತರ ಹೇಳುವ ಈ ಕಾಲದಲ್ಲಿ ಬಾಯಿಪಾಠವೊಂದೇ ಸಾಲದು, ಅರ್ಥವೂ ಆಗಬೇಕು. ಇಂದು ಇಶಾ ನಮಾಝಿನ ಬಳಿಕ ಮಗುವಿನಿಂದ ಒಂದು ಪುಟ ಓದಿಸೋಣ, ಓದಿದ್ದನ್ನು ಅದರ ಮಾತಿನಲ್ಲೇ ಹೇಳಿಸೋಣ. ಓದು ಬಾರದ ತಾಯಂದಿರೂ ಇದನ್ನು ಮಾಡಬಲ್ಲರು. ಶಾಲೆಗೆ ಹೋದಾಗ ‘ಎಷ್ಟು ಅಂಕ?’ ಎನ್ನುವ ಮೊದಲು ‘ಏನು ಬಂತು?’ ಎಂದು ಕೇಳೋಣ.

ಅಲ್ಲಾಹನು ನಮ್ಮ ಮಕ್ಕಳಿಗೆ ಪ್ರಯೋಜನಕಾರಿ ಜ್ಞಾನ ದಯಪಾಲಿಸಲಿ. ಆಮೀನ್.